ಆವನಿಯ ವಿಮಾನ, ಹುತ್ತದ ಪಕ್ಕದ ನೀರು

ಮುಳಬಾಗಿಲು ತಾಲ್ಲೂಕಿನ ನಮ್ಮ ಹೊಲದಲ್ಲಿ ಮೂರನೇ ಬೋರ್‌ವೆಲ್‌ಗೆ ಪಾಯಿಂಟ್ ಹಾಕಿಸಿದ ದಿನ ನಾನೂ ಅಲ್ಲಿದ್ದೆ. ನೀರು ನೋಡಲು ಬಂದವರು ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿಯನ್ನು ಅಡ್ಡಲಾಗಿ ಇಟ್ಟುಕೊಂಡು ಈ ಬದುವಿನಿಂದ ಆ ಬದುವಿಗೆ ನಡೆದರು. ಒಂದು ಕಡೆ ಕಾಯಿ ಎದ್ದು ನಿಂತಿತು. ಚಿಕ್ಕಪ್ಪ ಅಲ್ಲೇ ಒಂದು ಕಲ್ಲು ನೆಟ್ಟು ಅರಿಶಿನ ಕುಂಕುಮ ಹಚ್ಚಿದರು. ‘ಇದು ನಾನು ಹೇಳೋ ಮಾತಲ್ಲ ಸ್ವಾಮಿ. ವರಾಹಮಿಹಿರ ಬರೆದಿಟ್ಟಿರೋದು. ಆಗಲೇ ಎಲ್ಲಾ ಗೊತ್ತಿತ್ತು ನಮ್ಮೋರಿಗೆ’ ಅಂತ ಕಾಯಿ ಹಿಡಿದವರು ಮೊಬೈಲಿನಲ್ಲಿ ಒಂದು ಶ್ಲೋಕ ತೋರಿಸಿದರು. ನಮ್ಮಲ್ಲಿ ಯಾರಿಗೂ ಸಂಸ್ಕೃತ ಬರುತ್ತಿರಲಿಲ್ಲ. ಕೈಮುಗಿದೆವು. ಸಾವಿರದ ಇನ್ನೂರು ಅಡಿ ದಾಟಿದರೂ ಬಂದದ್ದು ಬರೀ ಕಲ್ಲಿನ ದೂಳು. ಲಾರಿಯವರು ಅಡಿಯ ಲೆಕ್ಕ, ಕೇಸಿಂಗ್ ಪೈಪಿನ ಲೆಕ್ಕ ಬರೆದುಕೊಟ್ಟು ಬೆಳಗಿನ ಜಾವ ಹೊರಟುಹೋದರು. ಆ ಸಾಲ ತೀರಿಸಲು ಎರಡು ವರ್ಷದ ಟೊಮೆಟೊ ದುಡ್ಡು ಹೋಯಿತು.

ಕಾಯಿ ಹಿಡಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅದನ್ನು ನಂಬಿದ್ದರು. ನನ್ನನ್ನು ಕಾಡಿದ್ದು ಆ ಶ್ಲೋಕ. ಅದರಲ್ಲಿ ನಿಜವಾಗಿ ಏನಿದೆ ಎಂದು ನಾವು ಒಬ್ಬರೂ ಕೇಳಲಿಲ್ಲವಲ್ಲ! ಲಕ್ಷಾಂತರ ರೂಪಾಯಿಯ ತೀರ್ಮಾನವನ್ನು ಓದದ ಒಂದು ಪುಟದ ಮೇಲೆ ತೆಗೆದುಕೊಂಡಿದ್ದೆವು. ಆಮೇಲೆ ಅದನ್ನು ಹುಡುಕಿ, ಬಲ್ಲವರ ಹತ್ತಿರ ಕೂತು ಓದಿದೆ. ಓದುತ್ತ ಹೋದಂತೆ ಇದು ನಮ್ಮ ಹೊಲದ ವಿಷಯ ಮಾತ್ರವಲ್ಲ ಅನ್ನಿಸಿತು. ವೇದದಲ್ಲಿ ವಿಮಾನ, ಮಹಾಭಾರತದಲ್ಲಿ ಅಣುಬಾಂಬ್, ಚಾಲೀಸಾದಲ್ಲಿ ಸೂರ್ಯನ ದೂರ, ಕಾಲಜ್ಞಾನದಲ್ಲಿ ಕೊರೊನಾ ಎಂದು ದಿನಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಎಲ್ಲ ಮಾತಿನ ಹಿಂದೆಯೂ ಹೀಗೇ ಯಾರೂ ತೆರೆಯದ ಒಂದು ಪುಟ ಇರುತ್ತದೆ.

ವರಾಹಮಿಹಿರ ಆರನೇ ಶತಮಾನದ ಜ್ಯೋತಿಷಿ. ಅವನ ‘ಬೃಹತ್ಸಂಹಿತೆ’ಯಲ್ಲಿ ದಕಾರ್ಗಲ ಎಂಬ ಅಧ್ಯಾಯವಿದೆ. ನೆಲದಡಿಯ ನೀರನ್ನು ಪತ್ತೆ ಮಾಡುವುದೇ ಅದರ ವಿಷಯ. ಸಾರಸ್ವತ ಮುನಿ ಹೇಳಿದ್ದನ್ನು ನೋಡಿ, ಮನು ಹೇಳಿದ್ದನ್ನೂ ಸೇರಿಸಿ ಬರೆದಿದ್ದೇನೆ ಎಂದು ಅವನೇ ತಿಳಿಸುತ್ತಾನೆ. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲಿ ಹುತ್ತ ಇದ್ದರೆ, ಆ ಮರದ ದಕ್ಷಿಣಕ್ಕೆ ಎರಡು ಪುರುಷ ಆಳದಲ್ಲಿ ಸಿಹಿನೀರು ಸಿಗುತ್ತದೆ ಎನ್ನುವುದು ಅಲ್ಲಿನ ಒಂದು ಸೂತ್ರ. ಹೀಗೆ ಒಂದೊಂದು ಮರಕ್ಕೆ ಒಂದೊಂದು ಮಾತು. ಅಗೆಯುತ್ತ ಹೋದಾಗ ಎಷ್ಟು ಆಳದಲ್ಲಿ ಯಾವ ಬಣ್ಣದ ಮಣ್ಣು, ಎಂಥ ಕಲ್ಲು, ಯಾವ ಪ್ರಾಣಿ ಸಿಗುತ್ತದೆ ಎಂದೂ ಹೇಳಿರುತ್ತದೆ. ಅಂದರೆ ದಾರಿಯುದ್ದಕ್ಕೂ ಪರೀಕ್ಷೆ ಮಾಡಿಕೊಳ್ಳಲು ಗುರುತುಗಳನ್ನು ಕೊಟ್ಟಿದ್ದಾನೆ. ಇದನ್ನು ಓದಿದಾಗ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು. ಹುತ್ತ ಕಟ್ಟುವ ಗೆದ್ದಲಿಗೆ ತೇವ ಬೇಕು, ಕೆಲವು ಮರಗಳ ಬೇರು ನೀರಿನ ಕಡೆಗೇ ಇಳಿಯುತ್ತದೆ. ತಲೆಮಾರುಗಳ ಕಾಲ ಕಣ್ಣಿಟ್ಟು ನೋಡಿದವರು ಬರೆದಿಟ್ಟ ಅಧ್ಯಾಯ ಅದು.

ಪುರುಷ ಎಂದರೆ ಒಬ್ಬ ಆಳು ಕೈ ಮೇಲೆತ್ತಿ ನಿಂತಷ್ಟು ಎತ್ತರ, 120 ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು ಏಳೂವರೆ ಅಡಿ. ಎರಡು ಪುರುಷ ಎಂದರೆ 15 ಅಡಿ. ಇಡೀ ಅಧ್ಯಾಯ ಮಾತಾಡುವುದು ಗುದ್ದಲಿಯಲ್ಲಿ ತೋಡಬಹುದಾದ ಬಾವಿಯ ನೀರಿನ ಬಗ್ಗೆ. ಕೋಲಾರದ ಇವತ್ತಿನ ಬೋರ್‌ವೆಲ್ ಹುಡುಕುವುದು ಅದಕ್ಕಿಂತ ಎಷ್ಟೋ ಕೆಳಗೆ, ಗಟ್ಟಿ ಶಿಲೆಯ ಬಿರುಕಿನಲ್ಲಿ ಸಿಕ್ಕಿಕೊಂಡಿರುವ ನೀರನ್ನು. ಆ ಬಿರುಕಿಗೂ ಮೇಲಿನ ಹುತ್ತಕ್ಕೂ ಸಂಬಂಧವಿಲ್ಲ. ಇನ್ನೂ ಒಂದು ಮಾತು: ನೆಲದ ಜಾತಿ ಬದಲಾದರೆ ಲಕ್ಷಣವೂ ಬದಲಾಗುತ್ತದೆ ಎಂದು ವರಾಹಮಿಹಿರನೇ ಎಚ್ಚರಿಸುತ್ತಾನೆ. ಮರುಭೂಮಿಯಲ್ಲಿ ಜಲನಾಡಿಗಳು ಒಂಟೆಯ ಕತ್ತಿನ ಹಾಗೆ ಆಳಕ್ಕೆ ಬಾಗಿ ಹೋಗುತ್ತವೆ ಎನ್ನುತ್ತಾನೆ. ತನ್ನ ಮಾತು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ತಾನೇ ಗೆರೆ ಎಳೆದ ಮನುಷ್ಯ ಅವನು. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸುವ ವಿಧಾನ ಆ ಅಧ್ಯಾಯದಲ್ಲಿ ಇಲ್ಲ.

ಹಾಗಾದರೆ ಕಾಯಿ ನಿಂತ ಕಡೆ ನೀರು ಬಂದ ಉದಾಹರಣೆಗಳು? ಪ್ರತಿ ಊರಿನಲ್ಲೂ ಇವೆ. ಕೆರೆ ತುಂಬಿದ ಕಾಲದಲ್ಲಿ ಎಲ್ಲಿ ತೋಡಿದರೂ ನೀರು ಬರುತ್ತಿತ್ತು. ನೀರು ಬಂದ ಬೋರಿನ ಕಥೆ ಊರೆಲ್ಲ ಹೇಳುತ್ತದೆ, ಬಾರದ ಬೋರಿನ ಬಾಯಿಗೆ ಕಲ್ಲು ಮುಚ್ಚಿ ಸುಮ್ಮನಾಗುತ್ತೇವೆ. ಭೂಮಿಗೆ ವಿದ್ಯುತ್ ಹಾಯಿಸಿ ಅಳೆಯುವ ಭೂವಿಜ್ಞಾನಿಯೂ ನೀರು ಗ್ಯಾರಂಟಿ ಎಂದು ಬರೆದುಕೊಡಲಾರ. ಆದರೆ ಅವನ ಲೆಕ್ಕ ತಪ್ಪಿದಾಗ ಯಾಕೆ ತಪ್ಪಿತು ಎಂದು ಕೇಳಲು ಜಾಗವಿರುತ್ತದೆ. ಕಾಯಿ ತಪ್ಪಿದಾಗ ಕೇಳುವುದು ಯಾರನ್ನು? ನಮಗೆ ಬಂದ ಉತ್ತರ, ‘ನಿಮ್ಮ ಜಾತಕದಲ್ಲಿ ಜಲಯೋಗ ಇಲ್ಲ’ ಎಂದು.

ನಮ್ಮ ಊರಿನಿಂದ ಸ್ವಲ್ಪ ದೂರದಲ್ಲೇ ಆವನಿ. ರಾಮಲಿಂಗೇಶ್ವರನ ಗುಡಿಗಳು ನೊಳಂಬರ ಕಾಲದವು. ಬೆಟ್ಟದ ಮೇಲೆ ಸೀತಮ್ಮನ ಗುಡಿ. ವಾಲ್ಮೀಕಿಯ ಆಶ್ರಮ ಇದ್ದದ್ದು ಇಲ್ಲೇ, ಲವಕುಶರು ಹುಟ್ಟಿದ್ದು ಇಲ್ಲೇ ಎಂಬುದು ಸ್ಥಳದ ಮಾತು. ಶಿವರಾತ್ರಿಯ ಜಾತ್ರೆಗೆ ದನ ಕಟ್ಟಲು ನಮ್ಮ ತಾತ ಪ್ರತಿ ವರ್ಷ ಹೋಗುತ್ತಿದ್ದರಂತೆ. ಈ ಆವನಿಗೆ ಇನ್ನೊಂದು ಪ್ರಸಿದ್ಧಿಯೂ ಇದೆ, ಅದು ನಮ್ಮ ಕಡೆಯವರಿಗೇ ಹೆಚ್ಚು ತಿಳಿದಿಲ್ಲ. ಪ್ರಾಚೀನ ಭಾರತದಲ್ಲಿ ವಿಮಾನವಿತ್ತು ಎನ್ನುವ ವಾದ ಜಗತ್ತಿನಲ್ಲಿ ಎಲ್ಲಿ ಕೇಳಿಬಂದರೂ ಅದರ ಬೇರನ್ನು ಹಿಡಿದು ಹೋದರೆ ಬಂದು ತಲುಪುವುದು ಬಹುಪಾಲು ಇಲ್ಲಿಗೇ.

ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1866ರಲ್ಲಿ ಹುಟ್ಟಿದವರು. ಬಡತನ, ಚಿಕ್ಕಂದಿನಲ್ಲೇ ತಂದೆತಾಯಿಯ ಸಾವು, ರೋಗ, ಭಿಕ್ಷೆ ಬೇಡುತ್ತ ಅಲೆದಾಟ. ಹಾಗೆ ಅಲೆಯುವಾಗ ಆವನಿಯಲ್ಲಿ ಒಬ್ಬ ಮಹಾಪುರುಷರು ಸಿಕ್ಕರು, ಅನೇಕ ಶಾಸ್ತ್ರಗಳನ್ನು ತಿಳಿಸಿಕೊಟ್ಟರು, ವೈಮಾನಿಕ ಶಾಸ್ತ್ರ ಅದರಲ್ಲೊಂದು ಎಂದು ಅವರೇ ತಮ್ಮ ಬದುಕಿನ ಕಥೆಯಲ್ಲಿ ಹೇಳಿಕೊಂಡಿದ್ದಾರೆ. 1918ರಿಂದ 1923ರವರೆಗೆ ಅವರು ಶ್ಲೋಕಗಳನ್ನು ಬಾಯಿಂದ ಹೇಳಿದರು, ವೆಂಕಟಾಚಲ ಶರ್ಮರು ಬರೆದುಕೊಂಡರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಡ್ರಾಫ್ಟ್ಸ್‌ಮನ್ ಎಲ್ಲಪ್ಪ ಚಿತ್ರ ಬಿಡಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂದು ನಾಲ್ಕು ವಿಮಾನಗಳು. ಕರ್ತೃ ಭರದ್ವಾಜ ಮಹರ್ಷಿ ಎಂದಾಯಿತು. 1959ರಲ್ಲಿ ಹಿಂದಿಯಲ್ಲಿ, 1973ರಲ್ಲಿ ಮೈಸೂರಿನ ಜಿ.ಆರ್. ಜೋಯಿಸರ್ ಅವರಿಂದ ಇಂಗ್ಲಿಷಿನಲ್ಲಿ ಪುಸ್ತಕವಾಯಿತು.

ಮುಂದಿನದು ಕರ್ನಾಟಕ ಹೆಮ್ಮೆ ಪಡಬೇಕಾದ ಸಂಗತಿ ಎಂದು ನಾನು ತಿಳಿದಿದ್ದೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಅವರ ನಾಲ್ವರು ಸಂಗಾತಿಗಳು ಆ ಪುಸ್ತಕವನ್ನು ಕಡೆಗಣಿಸಿ ಬಿಡಲಿಲ್ಲ. ಕೂತು ಪೂರ್ತಿ ಓದಿದರು. ಹಸ್ತಪ್ರತಿಗಳ ಜಾಡು ಹಿಡಿದರು, ಭಾಷೆಯನ್ನು ಪರೀಕ್ಷಿಸಿದರು, ಚಿತ್ರಗಳ ಅಳತೆಯನ್ನು ಪಠ್ಯದ ಅಳತೆಯ ಜೊತೆ ಹೋಲಿಸಿದರು, ಅಲ್ಲಿ ಹೇಳಿದ ಯಂತ್ರಗಳು ಹಾರಲು ಸಾಧ್ಯವೇ ಎಂದು ಲೆಕ್ಕ ಹಾಕಿದರು. 1974ರಲ್ಲಿ ಪ್ರಕಟವಾದ ಅವರ ಅಧ್ಯಯನದ ಸಾರ ಇಷ್ಟು: ಭಾಷೆ ವೈದಿಕವಲ್ಲ, ಹೊಸ ಕಾಲದ ಸರಳ ಸಂಸ್ಕೃತ; ಗ್ರಂಥವನ್ನು 1904ಕ್ಕಿಂತ ಹಿಂದಕ್ಕೆ ಒಯ್ಯಲು ಆಧಾರವಿಲ್ಲ; ಆ ನಾಲ್ಕರಲ್ಲಿ ಒಂದೂ ಹಾರುವಂಥದ್ದಲ್ಲ, ಅದರ ಚಾಲನೆಯ ಕ್ರಮವೇ ಹಾರಾಟಕ್ಕೆ ಅಡ್ಡಿ. ರೈಟ್ ಸಹೋದರರ ವಿಮಾನ ಎದ್ದದ್ದು 1903ರ ಡಿಸೆಂಬರಿನಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಇಷ್ಟಾದರೂ 2015ರ ಜನವರಿಯಲ್ಲಿ ಮುಂಬೈಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವೈಮಾನಿಕ ವಿದ್ಯೆಯ ಪ್ರಬಂಧ ಮಂಡನೆಯಾಯಿತು, ನಲವತ್ತು ವರ್ಷದ ಹಿಂದಿನ ಅಧ್ಯಯನವನ್ನು ಮತ್ತೆ ಹುಡುಕಿ ತೆಗೆಯಬೇಕಾಯಿತು. 2019ರಲ್ಲಿ ಜಲಂಧರಿನಲ್ಲಿ ಕುಲಪತಿಯೊಬ್ಬರು ಕೌರವರು ಪ್ರನಾಳ ಶಿಶುಗಳು ಎಂದರು.

ಸುಬ್ಬರಾಯ ಶಾಸ್ತ್ರಿಗಳು ಸುಳ್ಳುಗಾರರು ಎಂದು ನಾನು ಹೇಳಲಾರೆ. ತಮ್ಮೊಳಗಿಂದ ಬಂದದ್ದನ್ನು ಋಷಿಯ ಮಾತೆಂದೇ ಅವರು ನಂಬಿದ್ದಿರಬಹುದು. ಅವರ ಕಾಲವನ್ನು ನೆನೆಸಿಕೊಳ್ಳಬೇಕು. ಆಳುವವರು ಪರದೇಶದವರು, ರೈಲು ಅವರದು, ತಂತಿ ಅವರದು, ಕೋಲಾರದ ನೆಲದಿಂದ ಚಿನ್ನ ತೆಗೆದು ಒಯ್ಯುವ ಯಂತ್ರವೂ ಅವರದೇ. ನಿಮ್ಮಲ್ಲಿ ಏನಿತ್ತು ಎಂಬ ಪ್ರಶ್ನೆ ಪ್ರತಿದಿನ ಕೆನ್ನೆಗೆ ಬಡಿಯುತ್ತಿದ್ದ ಕಾಲ. ಆ ಅವಮಾನಕ್ಕೆ ಒಂದು ಉತ್ತರ ಬೇಕಿತ್ತು, ವಿಮಾನ ಅಂಥ ಉತ್ತರ. ಇವತ್ತಿಗೂ ನಮ್ಮ ಮನೆಯ ಗುಂಪಿನಲ್ಲಿ ಇಂಥ ಸಂದೇಶ ಕಳಿಸುವ ಅತ್ತೆ ಮಾವಂದಿರ ಎದೆಯಲ್ಲಿ ಇರುವುದು ಅದೇ ನೋವು. ಮಕ್ಕಳು ಇಂಗ್ಲಿಷ್ ಮೀಡಿಯಂ ಓದಿ ಬಂದು, ಅಜ್ಜಿ ಹೇಳಿದ ಕಥೆಯನ್ನು ಅಜ್ಞಾನ ಎನ್ನುವ ದೃಷ್ಟಿಯಲ್ಲಿ ನೋಡಿದಾಗ ಯಾರಿಗಾದರೂ ಸಂಕಟವಾಗುತ್ತದೆ. ‘ಆ ಕಥೆಯೂ ಸೈನ್ಸೇ ಕಣೋ’ ಎಂದು ಹೇಳಿಬಿಟ್ಟರೆ ಅಜ್ಜಿಗೂ ಮೊಮ್ಮಗನಿಗೂ ನಡುವೆ ಒಂದು ಸೇತುವೆ ಬಿದ್ದಂತಾಗುತ್ತದೆ. ಇದನ್ನು ತಿಳಿಯದೆ ಬರೀ ಮೂಢನಂಬಿಕೆ ಎಂದು ಬೈದರೆ ಆ ಸಂದೇಶಗಳು ನಿಲ್ಲುವುದಿಲ್ಲ.

ಆದರೆ ಆ ಸೇತುವೆಯ ಬೆಲೆ ಏನು? ಅದನ್ನು ತೋರಿಸಲು ಒಂದು ಲೆಕ್ಕವನ್ನು ನಿಧಾನವಾಗಿ ನೋಡೋಣ. ಮುಳಬಾಗಿಲು ಆಂಜನೇಯನ ಊರು. ಹಾಗಾಗಿ ನಮಗೆ ಹನುಮಾನ್ ಚಾಲೀಸಾದ ಸಂದೇಶ ತಪ್ಪದೆ ಬರುತ್ತದೆ. ‘ಜುಗ ಸಹಸ್ರ ಜೋಜನ ಪರ ಭಾನೂ’ ಎಂಬ ಸಾಲಿನಲ್ಲಿ ಸೂರ್ಯನ ದೂರ ಇದೆಯಂತೆ. ಯುಗ ಎಂದರೆ 12,000, ಸಹಸ್ರ 1,000, ಯೋಜನ ಎಂದರೆ 8 ಮೈಲಿ. ಗುಣಿಸಿದರೆ 9.6 ಕೋಟಿ ಮೈಲಿ. ವಿಜ್ಞಾನ ಹೇಳುವುದು ಸುಮಾರು 9.3 ಕೋಟಿ. ಎಷ್ಟು ಹತ್ತಿರ!

12,000 ಎಂಬುದು ನಾಲ್ಕು ಯುಗ ಸೇರಿದ ಕಾಲದ ದಿವ್ಯವರ್ಷಗಳ ಲೆಕ್ಕ. ಕಾಲವನ್ನು ದೂರಕ್ಕೆ ಗುಣಿಸಲು ಆ ಸಾಲಿನಲ್ಲಿ ಅಪ್ಪಣೆ ಇಲ್ಲ. ಇನ್ನು ಯೋಜನ. ಆರ್ಯಭಟ ಭೂಮಿಯ ವ್ಯಾಸ 1,050 ಯೋಜನ ಎನ್ನುತ್ತಾನೆ. ಭೂಮಿಯ ನಿಜವಾದ ವ್ಯಾಸ ಸುಮಾರು 12,742 ಕಿಲೋಮೀಟರ್, ಅಂದರೆ ಅವನ ಯೋಜನ ಸುಮಾರು 12 ಕಿಲೋಮೀಟರ್. ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥದಲ್ಲಿ ವ್ಯಾಸ 1,600 ಯೋಜನ, ಅಲ್ಲಿ ಒಂದು ಯೋಜನ ಸುಮಾರು 8 ಕಿಲೋಮೀಟರ್, ಐದು ಮೈಲಿ. ಐದು ಹಾಕಿ ಗುಣಿಸಿದರೆ ಉತ್ತರ 6 ಕೋಟಿ ಮೈಲಿಗೆ ಇಳಿಯುತ್ತದೆ. ಎಂಟನ್ನು ಆರಿಸಿದ್ದು ಉತ್ತರ ಮೊದಲೇ ಗೊತ್ತಿದ್ದುದರಿಂದ. ಪರೀಕ್ಷೆಯ ಪುಸ್ತಕದ ಹಿಂಬದಿಯಲ್ಲಿ ಉತ್ತರ ನೋಡಿಕೊಂಡು ಲೆಕ್ಕ ಕೂಡಿಸುವ ಹುಡುಗನನ್ನು ಯಾವ ಮೇಷ್ಟರೂ ಒಪ್ಪುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡ ನೋವು ಮುಂದಿನದರಲ್ಲಿದೆ. ನಮ್ಮ ಸಿದ್ಧಾಂತಿಗಳು ಸೂರ್ಯಚಂದ್ರರ ದೂರವನ್ನು ನಿಜವಾಗಿಯೂ ಲೆಕ್ಕ ಹಾಕಿದ್ದರು. ಗ್ರಹಣ ಯಾವಾಗ, ಎಲ್ಲಿ, ಎಷ್ಟು ಹೊತ್ತು ಎಂದು ಹೇಳಲು ಅದು ಬೇಕೇ ಬೇಕು. ಸೂರ್ಯಸಿದ್ಧಾಂತದಲ್ಲಿ ಚಂದ್ರನ ಕಕ್ಷೆಯ ಸುತ್ತಳತೆ 3,24,000 ಯೋಜನ. ಅದರಿಂದ ದೂರ ತೆಗೆದರೆ ಸುಮಾರು 51,570 ಯೋಜನ, ಅದೇ ಗ್ರಂಥದ ಯೋಜನದ ಅಳತೆಯಲ್ಲಿ ಸುಮಾರು 4.1 ಲಕ್ಷ ಕಿಲೋಮೀಟರ್. ಇವತ್ತಿನ ಸರಾಸರಿ ಲೆಕ್ಕ 3.84 ಲಕ್ಷ. ದೂರದರ್ಶಕವಿಲ್ಲದ ಕಾಲದಲ್ಲಿ ಇಷ್ಟು ಹತ್ತಿರ! ಸೂರ್ಯನ ವಿಷಯದಲ್ಲಿ ಮಾತ್ರ ಅವರು ಎಡವಿದರು. ಎಲ್ಲ ಗ್ರಹಗಳೂ ದಿನಕ್ಕೆ ಒಂದೇ ಸಮನಾದ ಯೋಜನ ನಡೆಯುತ್ತವೆ ಎಂದು ಇಟ್ಟುಕೊಂಡದ್ದರಿಂದ ಸೂರ್ಯನ ಕಕ್ಷೆ 43,31,500 ಯೋಜನ ಎಂದಾಯಿತು. ದೂರ ಸುಮಾರು 55 ಲಕ್ಷ ಕಿಲೋಮೀಟರ್. ನಿಜ ಅದಕ್ಕಿಂತ 27 ಪಟ್ಟು ಹೆಚ್ಚು, ಸುಮಾರು 15 ಕೋಟಿ. ಒಂದು ಸರಿ, ಒಂದು ತಪ್ಪು, ಎರಡಕ್ಕೂ ಕಾರಣ ಕಣ್ಣಿಗೆ ಕಾಣುತ್ತದೆ. ವಿದ್ಯೆ ಬೆಳೆಯುವುದೇ ಹೀಗೆ. ಚಾಲೀಸಾದ ಸಂದೇಶ ಹಂಚುವ ಒಂದು ಸಾವಿರ ಜನರಲ್ಲಿ ಈ 3,24,000ದ ಬಗ್ಗೆ ಕೇಳಿದವರು ಎಷ್ಟು ಮಂದಿ? ರಾತ್ರಿಗಳನ್ನು ಸವೆಸಿ ಆಕಾಶ ನೋಡಿದ ಪೂರ್ವಜರನ್ನು ಮರೆತು, ಅವರು ಹೇಳದ ಮಾತಿಗೆ ಅವರನ್ನು ಹೊಗಳುತ್ತಿದ್ದೇವೆ. ಇತ್ತ ತುಳಸೀದಾಸರ ಸಾಲಿನಲ್ಲಿ ಸೂರ್ಯನನ್ನು ಸಿಹಿಹಣ್ಣೆಂದು ತಿಳಿದು ಬಾಯಿಗೆ ಹಾಕಿಕೊಂಡ ಮಗುವಿದೆ. ಆ ಮಗುವನ್ನೂ ಕಳೆದುಕೊಂಡೆವು.

ಜಪಮಾಲೆಯಲ್ಲಿ 108 ಮಣಿ ಇರುವುದು ಸೂರ್ಯಚಂದ್ರರ ದೂರದ ಲೆಕ್ಕದಿಂದ ಎನ್ನುವ ಸಂದೇಶದ ವಿಷಯ ಸ್ವಲ್ಪ ಬೇರೆ. ಸೂರ್ಯನ ವ್ಯಾಸವನ್ನು ಸುಮಾರು 108 ಸಲ ಇಟ್ಟರೆ ಭೂಮಿಯಿಂದ ಸೂರ್ಯನ ದೂರ ಬರುತ್ತದೆ, ಚಂದ್ರನಿಗೆ ಅದು ಸುಮಾರು 110. ಈ ಲೆಕ್ಕ ಸರಿಯಾಗಿಯೇ ಇದೆ. ಬಿಂಬದ ಕೋನ ಅಳೆದರೆ ಈ ಅನುಪಾತ ಸಿಗುವುದರಿಂದ ಹಳಬರಿಗೆ ತಿಳಿದಿರಲು ಸಾಧ್ಯವೇ ಇಲ್ಲ ಎಂದೂ ಹೇಳುವಂತಿಲ್ಲ. ಜಪಮಾಲೆಯ 108 ಮಣಿಗೆ ಇದೇ ಕಾರಣ ಎಂದು ಯಾವ ಗ್ರಂಥ ಹೇಳುತ್ತದೆ, ತೋರಿಸಿ ಎಂದು ಮಾತ್ರ ಕೇಳಬೇಕು. ತೋರಿಸುವ ತನಕ ಅದು ಒಂದು ಊಹೆ. ಊಹೆ ಮಾಡುವುದು ತಪ್ಪಲ್ಲ. ಊಹೆಯನ್ನು ಊಹೆ ಎಂದು ಕರೆಯದಿರುವುದು ತಪ್ಪು.

ಹೀಗೆ ಕೇಳುವುದು ಪಶ್ಚಿಮದಿಂದ ಬಂದ ಅಭ್ಯಾಸ, ಶ್ರದ್ಧೆ ಇಲ್ಲದವರ ಚಾಳಿ ಎಂದು ಹಲವರು ಹೇಳುತ್ತಾರೆ. ನಮ್ಮ ಶಾಸ್ತ್ರಿಗಳು ಕೇಳಿದಷ್ಟು ಕಠಿಣವಾಗಿ ಯಾರೂ ಕೇಳಿಲ್ಲ. ಒಂದು ಗ್ರಂಥದ ತಾತ್ಪರ್ಯ ಇದೇ ಎಂದು ತೀರ್ಮಾನಿಸಲು ಮೀಮಾಂಸೆಯ, ಅಂದರೆ ವೇದವಾಕ್ಯದ ಅರ್ಥ ನಿರ್ಣಯಿಸುವ ಶಾಸ್ತ್ರದ, ಪರಂಪರೆ ಆರು ಗುರುತುಗಳನ್ನು ಇಟ್ಟಿದೆ. ಆರಂಭ ಮತ್ತು ಮುಕ್ತಾಯ ಒಂದೇ ಕಡೆ ತೋರಿಸುತ್ತವೆಯೇ, ಆ ಮಾತು ಮತ್ತೆ ಮತ್ತೆ ಬರುತ್ತದೆಯೇ, ಬೇರೆಲ್ಲೂ ಸಿಗದ ಹೊಸದನ್ನು ಹೇಳುತ್ತದೆಯೇ, ಫಲ ಏನು, ಹೊಗಳಿಕೆಯ ಭಾಗ ಯಾವುದು, ಯುಕ್ತಿಗೆ ಕೂಡಿಬರುತ್ತದೆಯೇ. ಇದರಲ್ಲಿ ಹೊಗಳಿಕೆಗೆ ಅರ್ಥವಾದ ಎಂದು ಹೆಸರು. ‘ಯೂಪವೇ ಆದಿತ್ಯ’ ಎಂದು ವೇದದಲ್ಲಿ ಬರುತ್ತದೆ. ಯಜ್ಞದ ಕಂಬ ಸೂರ್ಯನಲ್ಲ ಎಂಬುದು ಓದಿದವರಿಗೂ ಗೊತ್ತು, ಬರೆದವರಿಗೂ ಗೊತ್ತು. ತುಪ್ಪ ಸವರಿ ಹೊಳೆಯುವ ಕಂಬವನ್ನು ಹಾಗೆ ಸ್ತುತಿಸಿದ್ದಾರೆ ಎಂದು ಮೀಮಾಂಸಕರು ಬಿಡಿಸಿ ಹೇಳಿದರು. ಕಂಬದೊಳಗೆ ಸೌರವಿದ್ಯುತ್ ಇತ್ತು ಎಂದು ಅವರು ಬರೆಯಲಿಲ್ಲ.

ಶಂಕರಾಚಾರ್ಯರ ಮಾತು ಇನ್ನೂ ನೇರ. ಗೀತಾಭಾಷ್ಯದಲ್ಲಿ, 18ನೇ ಅಧ್ಯಾಯದ 66ನೇ ಶ್ಲೋಕವನ್ನು ವಿವರಿಸುತ್ತ, ಬೆಂಕಿ ತಣ್ಣಗಿದೆ ಎಂದೋ ಅದಕ್ಕೆ ಬೆಳಕಿಲ್ಲ ಎಂದೋ ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂದುಬಿಡುತ್ತಾರೆ. ಕಣ್ಣಿಗೆ, ಅನುಭವಕ್ಕೆ ಸಿಗುವ ಲೋಕದ ವಿಷಯ ತಿಳಿಸುವುದು ಶ್ರುತಿಯ ಕೆಲಸವಲ್ಲ. ಆ ದಾರಿಯಲ್ಲಿ ಸಿಗದ್ದನ್ನು ತಿಳಿಸುವುದು ಅದರ ಕೆಲಸ. ವೇದದಲ್ಲಿ ಭೌತಶಾಸ್ತ್ರ ಹುಡುಕುವವರಿಗೆ ಆಚಾರ್ಯರು ಹನ್ನೆರಡು ಶತಮಾನದ ಹಿಂದೆಯೇ ಕೊಟ್ಟ ಉತ್ತರ ಇದು ಎಂದು ನಾನು ಓದಿಕೊಳ್ಳುತ್ತೇನೆ.

ಸಂಸ್ಕೃತದ ಕಡೆಯೇ ಯಾಕೆ ಹೋಗಬೇಕು? ನಮ್ಮ ಕನ್ನಡಕ್ಕೇ ಬನ್ನಿ. ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ಓದಿದವರಿಗೆ ಗೊತ್ತು, ಲೋಕದಲ್ಲಿ ಎಲ್ಲೂ ಕಾಣದ ಚಿತ್ರಗಳು ಅಲ್ಲಿ ತುಂಬಿವೆ. ಏನು ಬೇಕಾದರೂ ಅರ್ಥ ಹಚ್ಚಬಹುದಾದ ಸಾಹಿತ್ಯ ಕನ್ನಡದಲ್ಲಿ ಇದ್ದರೆ ಅದು ಇದೇ. ಆದರೂ ಶರಣ ಪರಂಪರೆ ಅದನ್ನು ಬೇಕಾಬಿಟ್ಟಿ ಬಿಡಲಿಲ್ಲ. ಬೆಡಗಿನ ವಚನಗಳಿಗೆ ಟೀಕೆಗಳು ಹುಟ್ಟಿದವು. ಪದಪದಕ್ಕೂ ಅರ್ಥ ಕೊಟ್ಟು, ಅದು ಷಟ್‌ಸ್ಥಲದ, ಅಂದರೆ ಸಾಧನೆಯ ಆರು ಹಂತಗಳ, ಚೌಕಟ್ಟಿನಲ್ಲಿ ಎಲ್ಲಿ ಕೂರುತ್ತದೆ ಎಂದು ತೋರಿಸಿದರು. ಎಡೆಯೂರಿನ ತೋಂಟದ ಸಿದ್ಧಲಿಂಗರ ಪರಂಪರೆಯಲ್ಲಿ ಬಂದ ಗೂಳೂರು ಸಿದ್ಧವೀರಣ್ಣ ತನ್ನ ಶೂನ್ಯಸಂಪಾದನೆಯನ್ನು ಕಟ್ಟುವಾಗ ಒಂದೊಂದು ವಚನವನ್ನೂ ಯಾರು ಯಾರಿಗೆ ಯಾವ ಪ್ರಶ್ನೆಗೆ ಉತ್ತರವಾಗಿ ಹೇಳಿದರು ಎಂಬ ಸಂವಾದದೊಳಗೆ ಇಟ್ಟ. ಅಲ್ಲಿಂದ ಒಂದು ಸಾಲನ್ನು ಕಿತ್ತು ತಂದು ‘ಶೂನ್ಯ ಎಂದರೆ ಕ್ವಾಂಟಮ್ ನಿರ್ವಾತ’ ಎಂದರೆ ಆ ಕಟ್ಟೋಣದ ಶ್ರಮವೆಲ್ಲ ವ್ಯರ್ಥ.

ಕಾಲಜ್ಞಾನದ ಮಾತು ಬಂದಾಗ ನಮ್ಮ ಕಡೆ ಜಾಗರೂಕತೆಯಿಂದ ಮಾತಾಡಬೇಕು. ಕೈವಾರದ ತಾತಯ್ಯನವರು ನಮ್ಮೆಲ್ಲರ ಮನೆಯವರು. ಬಳೆ ಮಾರುತ್ತಿದ್ದ ನಾರಾಯಣಪ್ಪ ಯೋಗಿಯಾಗಿ, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ಪದಗಳು ಚಿಂತಾಮಣಿಯಿಂದ ಮುಳಬಾಗಿಲಿನವರೆಗೆ ಭಜನೆಯಲ್ಲಿ ಜೀವಂತವಾಗಿವೆ. ಅವರದೂ ಕಾಲಜ್ಞಾನವಿದೆ, ಆಂಧ್ರದ ವೀರಬ್ರಹ್ಮೇಂದ್ರರದೂ ಇದೆ. 2020ರ ಲಾಕ್‌ಡೌನಿನಲ್ಲಿ ವೀರಬ್ರಹ್ಮೇಂದ್ರರದ್ದೆಂದು ಒಂದು ತೆಲುಗು ಪದ್ಯ ನಮ್ಮ ಎರಡು ಭಾಷೆಯ ಜಿಲ್ಲೆಗಳಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ‘ಕೋರಂಕಿ’ ಎಂಬ ಜಬ್ಬು, ಅಂದರೆ ಕಾಯಿಲೆ, ಕೋಟಿ ಜನಕ್ಕೆ ತಗಲುತ್ತದೆ, ಕೋಳಿಯಂತೆ ತೂಕಡಿಸಿ ಸಾಯುತ್ತಾರೆ ಎಂದು. ಕೋರಂಕಿಯೇ ಕೊರೊನಾ. ಓದಿದವರೂ ಬೆಚ್ಚಿದರು. ಆದರೆ ರೋಗ ಬರುವ ಮುಂಚೆ ಆ ಪದ್ಯ ಯಾರಿಗೂ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಘಟನೆ ನಡೆದ ಮೇಲೆ ಅದಕ್ಕೆ ಹೊಂದುವ ಸಾಲನ್ನು ಹುಡುಕುವುದು ಸುಲಭ, ಸಾವಿರ ಸಾಲುಗಳಿರುವಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಅಧರ್ಮ ಹೆಚ್ಚಿದಾಗ ಏನಾಗುತ್ತದೆ, ಜಾತಿಯ ಸೊಕ್ಕು, ದುಡ್ಡಿನ ಆಸೆ ಎಲ್ಲಿಗೆ ಒಯ್ಯುತ್ತದೆ ಎಂದು ಕೇಳುವವರ ಎದೆ ನಡುಗಿಸಿ ತಿದ್ದುವುದು ಕಾಲಜ್ಞಾನದ ಉದ್ದೇಶ. ಅದನ್ನು ರೋಗದ ಹೆಸರಿನ ಪಟ್ಟಿ ಮಾಡಿಕೊಂಡರೆ ತಿದ್ದಿಕೊಳ್ಳಬೇಕಾದ ಮಾತು ಕಿವಿಗೆ ಬೀಳುವುದೇ ಇಲ್ಲ.

ಸ್ಥಳಪುರಾಣವನ್ನು ಮಾತ್ರ ನಾನು ಈ ಗುಂಪಿಗೆ ಸೇರಿಸಲಾರೆ. ಆವನಿಯಲ್ಲಿ ಸೀತೆ, ಕೈವಾರದಲ್ಲಿ ಬಕಾಸುರನನ್ನು ಕೊಂದ ಭೀಮ, ತುಮಕೂರಿನ ನಾಮದ ಚಿಲುಮೆಯಲ್ಲಿ ಹಣೆಗೆ ನಾಮ ಇಡಲು ನೀರಿಲ್ಲದೆ ಬಾಣ ಬಿಟ್ಟ ರಾಮ. ಮಹಾಕಾವ್ಯವನ್ನು ತಮ್ಮ ಬಂಡೆಗೆ, ತಮ್ಮ ಚಿಲುಮೆಗೆ ಕಟ್ಟಿಕೊಂಡು ಜನ ಆ ಜಾಗವನ್ನು ಕಾಪಾಡಿಕೊಂಡು ಬಂದರು. ಇದೇ ಕಥೆ ಇನ್ನೊಂದು ಊರಿನಲ್ಲೂ ಇದೆ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ನಾಸಾ ಒಪ್ಪಿದೆ ಎಂಬ ಸರ್ಟಿಫಿಕೇಟು ಅದಕ್ಕೆ ಬೇಕಾಗಿಯೂ ಇಲ್ಲ.

ಈಗ ಬದುಕಿನ ಮಾತಿಗೆ ಬರೋಣ. ಚಿಕ್ಕಬಳ್ಳಾಪುರದ ಆವಲಗುರ್ಕಿಯಲ್ಲಿ 2023ರ ಜನವರಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲೆ ವಾರದ ಕೊನೆಗೆ ಬೆಂಗಳೂರಿನಿಂದ ಸಾಲುಸಾಲು ಕಾರು. ಶಿವನು ದೇವಿಗೆ ಹೇಳಿದ 112 ಧಾರಣೆಗಳು, ಅಂದರೆ ಧ್ಯಾನದ ಕ್ರಮಗಳು, ವಿಜ್ಞಾನಭೈರವ ಎಂಬ ಗ್ರಂಥದಲ್ಲಿವೆ. ಆ ಸಂಖ್ಯೆಯ ನೆನಪು ಕಾಶ್ಮೀರದ ಶೈವದಿಂದ ನಮ್ಮ ಬೆಟ್ಟದ ಬುಡಕ್ಕೆ ಬಂದು ನಿಂತಿದೆ ಎಂಬುದು ಯೋಚಿಸಿದರೆ ಸೋಜಿಗ. ಅಲ್ಲಿಗೆ ಬರುವ ಹುಡುಗ ಹುಡುಗಿಯರನ್ನು ನೋಡಿದ್ದೇನೆ. ದಿನಕ್ಕೆ ಹನ್ನೆರಡು ಗಂಟೆ ಪರದೆ ನೋಡಿ ದಣಿದ ಕಣ್ಣು, ನಿದ್ದೆ ಇಲ್ಲ, ಮನೆ ಊರಿನಲ್ಲಿ, ತಾವು ಪಿ.ಜಿ.ಯಲ್ಲಿ. ಕಣ್ಣು ಮುಚ್ಚಿ ಉಸಿರು ನೋಡುತ್ತ ಕೂತಾಗ ಅವರಿಗೆ ಸಿಗುವ ನೆಮ್ಮದಿ ಸುಳ್ಳಲ್ಲ. ಆ ನೆಮ್ಮದಿಗೆ ವೈಬ್ರೇಷನ್, ಫ್ರೀಕ್ವೆನ್ಸಿ, ಕ್ವಾಂಟಮ್ ಎಂಬ ಪದಗಳ ಒತ್ತಾಸೆ ಬೇಕಿಲ್ಲ. ಎಲೆಕ್ಟ್ರಾನಿನ ವರ್ತನೆಯನ್ನು ಲೆಕ್ಕದಲ್ಲಿ ಹಿಡಿಯಲು ಹುಟ್ಟಿದ ಮಾತುಗಳನ್ನು ಎತ್ತಿ ತಂದು ಮನಸ್ಸಿಗೆ ಹಚ್ಚಿದರೆ ಎರಡೂ ಅರ್ಥವಾಗುವುದಿಲ್ಲ. ನನಗೆ ಪರಿಚಯದ ಒಬ್ಬರು ಯಾರದೋ ಮಾತು ಕೇಳಿ, ಇಂಥ ಫ್ರೀಕ್ವೆನ್ಸಿಯ ಮಂತ್ರ ಕೇಳಿದರೆ ಮೇದೋಜೀರಕ ಗ್ರಂಥಿ ಸರಿಹೋಗುತ್ತದೆ ಎಂದು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಕಾಲಿನ ಬೆರಳು ತೆಗೆಸಬೇಕಾಯಿತು. ಆ ಮಂತ್ರದ ಮೇಲಿನ ಭಕ್ತಿ ಅವರಿಗೆ ಇವತ್ತಿಗೂ ಇದೆ, ಇರಲಿ. ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಾರೆ.

ಈ ಎರಡನ್ನು ಬೇರೆ ಮಾಡಿ ನೋಡುವುದನ್ನು ನಮಗೆ ಕಲಿಸಿದವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು. ಬಡವರ ಮನೆಯ ಹುಡುಗ, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರ ಓದಿ ಬಂದು, ಖಾದಿ ಉಟ್ಟು ಹಾಸ್ಟೆಲಿನ ಕೋಣೆಯಲ್ಲೇ ಬಾಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ವೈಜ್ಞಾನಿಕ ಮನೋಭಾವ ನಾಗರಿಕರ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿಯಲ್ಲಿ ಸೇರಿಸಿದ 42ನೇ ತಿದ್ದುಪಡಿಯೂ ಅದೇ ವರ್ಷದ್ದು. ಅವರನ್ನು ದೇವರ ವಿರೋಧಿ ಎಂದು ಬೈದವರು ಆ ಸಮಿತಿಯ ಹೆಸರನ್ನು ಸರಿಯಾಗಿ ಓದಿರಲಿಲ್ಲ. ಪವಾಡಗಳ ಜೊತೆಗೆ ಅದರಲ್ಲಿ ಇದ್ದದ್ದು ‘ಪರೀಕ್ಷಿಸಿ ನೋಡಬಹುದಾದ’ ಮೂಢನಂಬಿಕೆಗಳು. ಪರೀಕ್ಷೆಗೆ ಸಿಗುವ ಮಾತು ಬಂದಾಗ ಪರೀಕ್ಷಿಸಬೇಕು ಎಂದರು. ಮನುಷ್ಯನೊಬ್ಬ ಸಂಜೆ ದೀಪ ಹಚ್ಚಿ ಕೈಮುಗಿದರೆ ಅದರಲ್ಲಿ ಪರೀಕ್ಷಿಸುವಂಥದ್ದು ಏನಿದೆ?

ಹಳೆಯ ಗ್ರಂಥಕ್ಕೆ ಹೊಸ ಅರ್ಥ ಹಚ್ಚುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆವನಿ ಇರುವ ಇದೇ ಮುಳಬಾಗಿಲು ತಾಲ್ಲೂಕಿನ ಕಸಬೆಯಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಗೀತೆಯನ್ನು ಹೊಸದಾಗಿಯೇ ಓದಿದರು. ಯುದ್ಧಭೂಮಿಯ ಉಪದೇಶವನ್ನು ಸಂಸಾರಿಯ, ಪೌರನ, ಪತ್ರಿಕೆ ಓದುವವನ ದಿನದಿನದ ತೊಡಕಿಗೆ ಎದುರಿಟ್ಟು ‘ಜೀವನಧರ್ಮಯೋಗ’ ಎಂದು ಕರೆದರು. ಆ ಕೃತಿಗೆ 1967ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸುಬ್ಬರಾಯ ಶಾಸ್ತ್ರಿಗಳೂ ಗುಂಡಪ್ಪನವರೂ ಹೆಚ್ಚು ಕಡಿಮೆ ಒಂದೇ ಕಾಲದವರು, ಒಂದೇ ಅವಮಾನ ಉಂಡವರು. ಒಬ್ಬರು ತಮ್ಮ ಕಾಲದ ಯಂತ್ರವನ್ನು ಹಳೆಯ ಋಷಿಯ ಬಾಯಲ್ಲಿಟ್ಟರು. ಇನ್ನೊಬ್ಬರು ತಮ್ಮ ಕಾಲದ ಪ್ರಶ್ನೆಯನ್ನು ಹಳೆಯ ಗ್ರಂಥದ ಮುಂದಿಟ್ಟು, ಅದು ಏನನ್ನುತ್ತದೋ ಎಂದು ಕಾದರು. ಗುಂಡಪ್ಪನವರ ಅರ್ಥವನ್ನು ಒಪ್ಪದವನು ಮೂಲ ಶ್ಲೋಕ ತೆರೆದು ಅವರ ಜೊತೆ ವಾದಕ್ಕೆ ಕೂರಬಹುದು. ಅಂಥ ವಾದಕ್ಕೆ ಅವರು ಎಡೆ ಬಿಟ್ಟಿದ್ದಾರೆ. ನನಗೆ ಬೇಕಾದ ಅಧ್ಯಾತ್ಮ ಆ ಎಡೆಯಲ್ಲಿದೆ.

ನಮ್ಮ ಮನೆಯ ಗುಂಪಿನಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಯಾರಾದರೂ ‘ನಮ್ಮ ಪೂರ್ವಜರು ಆಗಲೇ ಹೇಳಿದ್ದರು’ ಎಂದು ಕಳಿಸಿದರೆ, ಯಾರೂ ನಗುವಂತಿಲ್ಲ, ಬೈಯುವಂತಿಲ್ಲ. ಯಾವ ಗ್ರಂಥ, ಯಾವ ಅಧ್ಯಾಯ, ಎಷ್ಟನೇ ಶ್ಲೋಕ, ಅದರ ಹಿಂದಿನ ಮುಂದಿನ ಶ್ಲೋಕ ಏನು ಎಂದು ಕೇಳುತ್ತೇವೆ. ಮೊದಲು ಬೇಸರ ಮಾಡಿಕೊಂಡವರು ಚಿಕ್ಕಪ್ಪ. ‘ಅಷ್ಟೂ ನಂಬಿಕೆ ಇಲ್ವೇನಪ್ಪ ನಿಂಗೆ?’ ಎಂದರು. ದಕಾರ್ಗಲದ ಅಧ್ಯಾಯವನ್ನು ಅರ್ಥದ ಸಮೇತ ಬರೆಸಿ ಅವರ ಕೈಗೆ ಕೊಟ್ಟೆ. ಎರಡು ಸಂಜೆ ಜಗಲಿಯ ಮೇಲೆ ಕೂತು ಓದಿದರು. ಮೂರನೇ ದಿನ ನನ್ನನ್ನು ಕರೆದುಕೊಂಡು ಹೊಲದ ಮೂಲೆಯಲ್ಲಿ ನಮ್ಮ ತಾತ ತೋಡಿಸಿದ ಕಪಿಲೆ ಬಾವಿಗೆ ಹೋದರು. ಅದು ಬತ್ತಿ ಮೂವತ್ತು ವರ್ಷದ ಮೇಲಾಗಿದೆ. ಕಲ್ಲಿನ ಮೆಟ್ಟಿಲು ಹಿಡಿದು ತಳಕ್ಕೆ ಇಳಿದು, ಗೋಡೆಗೆ ಬೆನ್ನು ಕೊಟ್ಟು ಕೈ ಮೇಲೆತ್ತಿ ನಿಂತು, ಬೆರಳು ತಾಗಿದ ಕಡೆ ಸುಣ್ಣದಲ್ಲಿ ಗುರುತು ಹಾಕಿದರು. ಹಾಗೇ ಮೆಟ್ಟಿಲು ಹತ್ತುತ್ತ ಅಳೆದು ಬಂದು, ‘ನಾಲ್ಕು ಪುರುಷ, ಮೇಲೊಂದು ಮೊಳ’ ಎಂದರು. ಬಾವಿಯ ಪಕ್ಕದಲ್ಲಿ ಹಳೆಯ ಹುತ್ತವೊಂದು ಮಳೆಗೆ ಕರಗಿ ದಿಬ್ಬವಾಗಿ ಕೂತಿತ್ತು. ಮೊದಲು ಇಲ್ಲಿ ಯಾವ ಮರ ಇತ್ತು ಚಿಕ್ಕಪ್ಪ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿದರು. ಅವರಿಗೆ ನೆನಪಿರಲಿಲ್ಲ.